ತೋಟ ಬೇಡ, ಹುರಿಯುವ ಘಟಕ ಹಾಕಿ: ಹೊರದೇಶದಿಂದ ಚಿಕ್ಕಮಗಳೂರಿಗೆ ಬಂದು ಕಾಫಿ ಉದ್ಯಮ ಶುರುಮಾಡುವವರಿಗೆ

ದುಬೈ, ಸಿಂಗಪುರ, ನ್ಯೂಜೆರ್ಸಿಗಳಿಂದ ಚಿಕ್ಕಮಗಳೂರಿಗೆ ಬಂದಿಳಿದವರು ಮೊದಲು ಕೇಳುವುದು ಒಂದೇ: "ಒಂದು ಹತ್ತು ಎಕರೆ ತೋಟ ನೋಡಿಕೊಡಿ." ಬ್ರೋಕರ್ ಮಾರನೇ ದಿನವೇ ಜೀಪು ಹತ್ತಿಸಿ ತೋರಿಸುತ್ತಾನೆ, ಅಡ್ವಾನ್ಸೂ ಪಡೆಯುತ್ತಾನೆ. ಕಾನೂನಿನ ಪ್ರಶ್ನೆ ಏಳುವುದು ರಿಜಿಸ್ಟ್ರೇಷನ್ ಹತ್ತಿರ ಬಂದಾಗ. ಆ ಹೊತ್ತಿಗೆ ಅಡ್ವಾನ್ಸ್ ವಾಪಸ್ ತರುವುದೇ ಒಂದು ಉದ್ಯಮವಾಗಿರುತ್ತದೆ.

ಫೆಮಾ (ವಿದೇಶಿ ವಿನಿಮಯ ನಿರ್ವಹಣೆ) ಕಾಯ್ದೆಯಡಿ 2019ರಲ್ಲಿ ಬಂದ ನಿಯಮಗಳ ಪ್ರಕಾರ ಎನ್‌ಆರ್‌ಐ ಆಗಲಿ ಓಸಿಐ (ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ) ಕಾರ್ಡುದಾರರಾಗಲಿ ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಓಸಿಐ ಹಕ್ಕುಗಳ ಬಗ್ಗೆ 2021ರಲ್ಲಿ ಹೊರಟ ಅಧಿಸೂಚನೆಯಲ್ಲೂ ಈ ಮೂರನ್ನು ಹೊರಗಿಟ್ಟಿದ್ದಾರೆ. "2020ರಲ್ಲಿ ಕರ್ನಾಟಕದಲ್ಲಿ 79ಎ, 79ಬಿ ತೆಗೆದುಹಾಕಿದರಲ್ಲ, ಈಗ ಯಾರು ಬೇಕಾದರೂ ಕೊಳ್ಳಬಹುದು" ಎಂದು ಹೇಳುವವರು ಸಿಗುತ್ತಾರೆ. ಅದು ರಾಜ್ಯದ ಭೂಸುಧಾರಣಾ ಕಾಯ್ದೆಯ ಮಾತು, ಕೃಷಿಕರಲ್ಲದ ನಿವಾಸಿ ಭಾರತೀಯರಿಗೆ ಬಾಗಿಲು ತೆರೆದದ್ದು. ಕೇಂದ್ರದ ಫೆಮಾ ತಡೆ ಹಾಗೆಯೇ ಇದೆ. ತಮ್ಮನ ಹೆಸರಿನಲ್ಲೋ ಮಾವನ ಹೆಸರಿನಲ್ಲೋ ಕೊಂಡರಾಯಿತು ಎಂಬ ಉಪಾಯವೂ ಬೇಡ: ಅದು ಬೇನಾಮಿ ಆಗುತ್ತದೆ, ನಾಳೆ ತಮ್ಮ ತಿರುಗಿಬಿದ್ದರೆ ನ್ಯಾಯಾಲಯದಲ್ಲಿ ನಿಮಗೆ ಹೇಳಿಕೊಳ್ಳಲು ಮಾತಿರುವುದಿಲ್ಲ.

ಪಿತ್ರಾರ್ಜಿತ ಬೇರೆ ವಿಷಯ. ಅಪ್ಪನ ತೋಟ ಎನ್‌ಆರ್‌ಐಗೂ ಓಸಿಐಗೂ ವಾರಸಿನಿಂದ ಬರಬಹುದು. ವಂಶವೃಕ್ಷ, ಮರಣ ಪ್ರಮಾಣಪತ್ರ ಇಟ್ಟುಕೊಂಡು ಪೌತಿ ಖಾತೆ ಮಾಡಿಸಿ. ಆದರೆ ಮುಂದೆ ಮಾರುವಾಗ ಇಲ್ಲಿ ನೆಲೆಸಿರುವ ಭಾರತೀಯ ಪೌರರಿಗೇ ಮಾರಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಹೊರಗಿದ್ದು ಈಗ ಶಾಶ್ವತವಾಗಿ ಮರಳುತ್ತಿರುವವರು ನಿವಾಸಿಯಾದ ಮೇಲೆ ಎಲ್ಲರಂತೆ ಕೊಳ್ಳಬಹುದು. ಕಂಪನಿ ಮಾಡಿಕೊಂಡು ವಿದೇಶಿ ನೇರ ಹೂಡಿಕೆಯಾಗಿ ಕಾಫಿ ತೋಟಕ್ಕೆ ಇಳಿಯಲು ಶೇ. 100ರವರೆಗೆ ಅವಕಾಶ ಇರುವುದೂ ನಿಜ. ಅದು ದೊಡ್ಡ ಬಂಡವಾಳದ, ವಕೀಲರನ್ನು ಜೊತೆಗೇ ಇಟ್ಟುಕೊಳ್ಳುವವರ ದಾರಿ.

ತೋಟಕ್ಕೂ ಲೋಟಕ್ಕೂ ನಡುವಿನ ಕೆಲಸಕ್ಕೆ ಇಂಥ ಅಡ್ಡಿ ಇಲ್ಲ. ಬೀಜ ಕೊಳ್ಳುವುದು, ಹುರಿಯುವುದು, ಪುಡಿ ಮಾಡುವುದು, ಪ್ಯಾಕ್ ಮಾಡಿ ಮಾರುವುದು ಆಹಾರ ಸಂಸ್ಕರಣೆಯ ಲೆಕ್ಕಕ್ಕೆ ಬರುತ್ತದೆ. ಆ ವಲಯದಲ್ಲಿ ಶೇ. 100 ವಿದೇಶಿ ಹೂಡಿಕೆಗೆ ಮುಂಗಡ ಅನುಮತಿ ಬೇಡ. ಚಿಕ್ಕಮಗಳೂರಿನಲ್ಲಿ ಒಂದು ಸಲಕ್ಕೆ 5 ಕಿಲೋ ಹಿಡಿಯುವ ಹುರಿಯುವ ಡ್ರಮ್ಮಿನ ಒಂದು ಚಿಕ್ಕ ಘಟಕ ಎಬ್ಬಿಸುವ ಕ್ರಮ ಮುಂದಿದೆ.

ಮೊದಲು ನೀವು ಯಾರು ಎಂದು ತೀರ್ಮಾನವಾಗಲಿ

ಭಾರತದ ಪಾಸ್‌ಪೋರ್ಟ್ ಇರುವವರು ಉದ್ಯಮ ಮಾಡಲೆಂದೇ ಮರಳಿ ಬಂದರೆ ಫೆಮಾ ದೃಷ್ಟಿಯಲ್ಲಿ ನಿವಾಸಿಗಳಾಗುತ್ತಾರೆ. ಆದಾಯ ತೆರಿಗೆ ಇಲಾಖೆಯ ದಿನಗಳ ಎಣಿಕೆ ಬೇರೆ. ಈ ಎರಡನ್ನು ಕಲಸಿಕೊಳ್ಳುವುದರಿಂದಲೇ ಅರ್ಧ ಗೊಂದಲ. ಬಂದ ತಕ್ಷಣ ಬ್ಯಾಂಕಿಗೆ ಹೋಗಿ ಎನ್‌ಆರ್‌ಇ (ವಿದೇಶದ ಗಳಿಕೆ ಇಡುವ ಅನಿವಾಸಿ) ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು. ಡಾಲರ್ ಆಗಿಯೇ ಉಳಿಸಿಕೊಳ್ಳಬೇಕಾದ ಹಣಕ್ಕೆ ಆರ್‌ಎಫ್‌ಸಿ (ನಿವಾಸಿಯ ವಿದೇಶಿ ಕರೆನ್ಸಿ) ಖಾತೆ ಇದೆ.

ಓಸಿಐ ಇದ್ದರೆ ವೀಸಾ ಚಿಂತೆ ಇಲ್ಲ. ಹೊರದೇಶದ ಪತ್ನಿಯೋ ಪತಿಯೋ ಜೊತೆಗೂಡಿ ನಡೆಸುವುದಾದರೆ ಅವರ ಕಾಗದ ಪ್ರತ್ಯೇಕವಾಗಿ ನೋಡಿ. ಪ್ರವಾಸಿ ವೀಸಾದಲ್ಲಿ ಬಂದು ಗಲ್ಲಾಪೆಟ್ಟಿಗೆಯ ಮುಂದೆ ಕೂರುವಂತಿಲ್ಲ. ಸ್ವಂತ ಉದ್ಯಮಕ್ಕೆ ಬಿಸಿನೆಸ್ ವೀಸಾ, ಕಂಪನಿಯಿಂದ ಸಂಬಳ ಪಡೆಯುವುದಾದರೆ ಎಂಪ್ಲಾಯ್‌ಮೆಂಟ್ ವೀಸಾ. ಭಾರತೀಯರನ್ನು ಅಥವಾ ಓಸಿಐದಾರರನ್ನು ಮದುವೆಯಾಗಿ, ಅದು ನೋಂದಣಿಯಾಗಿ ಎರಡು ವರ್ಷ ಪೂರೈಸಿದ್ದರೆ ಸಂಗಾತಿಯೂ ಓಸಿಐಗೆ ಅರ್ಜಿ ಹಾಕಬಹುದು. ಎರಡು ವರ್ಷಕ್ಕೆ ಇನ್ನು ಕೆಲವೇ ತಿಂಗಳು ಬಾಕಿ ಇದ್ದರೆ ಕಾಯುವುದೇ ಜಾಣತನ.

ಹಣ ಬರುವ ದಾರಿ

ಈ ಉದ್ಯಮದಲ್ಲಿ ಸರಿಪಡಿಸಲಾಗದ ತಪ್ಪು ಆಗುವುದು ಯಂತ್ರದಲ್ಲಲ್ಲ, ಹಣ ಕಳಿಸುವ ರೀತಿಯಲ್ಲಿ. ಅಮೆರಿಕದಿಂದ ಅಕ್ಕನ ಖಾತೆಗೆ 'ಮನೆ ಖರ್ಚು' ಎಂದು ಹಣ ಹಾಕಿ, ಅಕ್ಕ ಅದನ್ನು ಕಂಪನಿಗೆ ಕಟ್ಟಿದರೆ ಕಾಗದದಲ್ಲಿ ಹೂಡಿದವಳು ಅಕ್ಕ. ಐದು ವರ್ಷದ ಮೇಲೆ ಪಾಲು ಮಾರಿ ಹಣ ವಾಪಸ್ ಒಯ್ಯಬೇಕೆಂದರೆ ಬ್ಯಾಂಕಿನಲ್ಲಿ ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಮೊದಲು ತೀರ್ಮಾನಿಸಬೇಕಾದದ್ದು: ಈ ಹಣ ಮುಂದೆ ಹೊರದೇಶಕ್ಕೆ ವಾಪಸ್ ಹೋಗಬೇಕೋ, ಇಲ್ಲೇ ಇರಲಿಯೋ?

ಇಲ್ಲೇ ಇರಲಿ ಎನ್ನುವುದಾದರೆ ಎನ್‌ಆರ್‌ಐ ಮತ್ತು ಓಸಿಐಗಳಿಗೆ ದಾರಿ ಸಲೀಸು. ವಾಪಸಾತಿ ಇಲ್ಲದ ಆಧಾರದ ಮೇಲೆ ಏಕವ್ಯಕ್ತಿ ಸಂಸ್ಥೆ, ಪಾಲುದಾರಿಕೆ, ಕಂಪನಿ ಯಾವುದಕ್ಕೆ ಹಾಕಿದರೂ ಅದನ್ನು ದೇಶೀ ಹೂಡಿಕೆ ಎಂದೇ ಪರಿಗಣಿಸುತ್ತಾರೆ (ಕೃಷಿ, ತೋಟ, ರಿಯಲ್ ಎಸ್ಟೇಟ್ ಇಲ್ಲೂ ಹೊರಗೆ). ಹೀಗೆ ಹಾಕಿದ ಹಣ ಎಂದೆಂದಿಗೂ ಸಿಕ್ಕಿಹಾಕಿಕೊಂಡಿತು ಎಂದೇನಿಲ್ಲ. ಮಾರಿದ ಮೇಲೆ ಎನ್‌ಆರ್‌ಒ (ಭಾರತದಲ್ಲಿನ ಗಳಿಕೆ ಇಡುವ ಅನಿವಾಸಿ) ಖಾತೆಗೆ ಬಂದದ್ದರಲ್ಲಿ, ತೆರಿಗೆ ಕಟ್ಟಿ, ಆರ್ಥಿಕ ವರ್ಷವೊಂದಕ್ಕೆ 10 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಚಿಕ್ಕ ಘಟಕಕ್ಕೆ ಇದೇ ಸಾಕು. ಕಾಗದಪತ್ರದ ಹೊರೆಯೂ ಕಡಿಮೆ.

ವಾಪಸ್ ಒಯ್ಯುವ ಹಕ್ಕು ಬೇಕು, ಅಥವಾ ಹೂಡುವವರು ಭಾರತ ಮೂಲದವರಲ್ಲ ಎಂದರೆ ಪ್ರೈವೇಟ್ ಲಿಮಿಟೆಡ್ ಕಂಪನಿಯೇ ಸರಿ. ಕನಿಷ್ಠ ಇಬ್ಬರು ನಿರ್ದೇಶಕರು, ಇಬ್ಬರು ಷೇರುದಾರರು ಬೇಕು. ನಿರ್ದೇಶಕರಲ್ಲಿ ಒಬ್ಬರಾದರೂ ಆರ್ಥಿಕ ವರ್ಷದಲ್ಲಿ 182 ದಿನ ಭಾರತದಲ್ಲಿ ಇದ್ದವರಾಗಿರಬೇಕು. ಇಲ್ಲಿ ಸಹಿ ಹಾಕಲಿ ಎಂದು ಯಾರೋ ಪರಿಚಯದವರನ್ನು ಕೂರಿಸಬೇಡಿ, ನಿರ್ದೇಶಕ ಎಂದರೆ ಹೊಣೆಗಾರ. ಹೊರದೇಶದಲ್ಲಿರುವವರ ಪಾಸ್‌ಪೋರ್ಟ್ ಪ್ರತಿ, ವಿಳಾಸದ ದಾಖಲೆಗಳಿಗೆ ಅಲ್ಲೇ ನೋಟರಿ ಮತ್ತು ಅಪೊಸ್ಟಿಲ್ (ದಾಖಲೆ ಅಸಲಿ ಎಂಬ ಅಲ್ಲಿನ ಸರ್ಕಾರದ) ಮುದ್ರೆ, ದುಬೈನಂತೆ ಅಪೊಸ್ಟಿಲ್ ಇಲ್ಲದ ಕಡೆ ಭಾರತದ ದೂತಾವಾಸದ ದೃಢೀಕರಣ, ಹಾಕಿಸಿಕೊಂಡೇ ವಿಮಾನ ಹತ್ತಿ. ಇಲ್ಲಿಗೆ ಬಂದ ಮೇಲೆ ನೆನಪಾದರೆ ಕೊರಿಯರ್ ಕಳಿಸಿ ತರಿಸಿಕೊಳ್ಳುವುದರಲ್ಲಿ ತಿಂಗಳು ಹೋಗುತ್ತದೆ.

ಆಮೇಲೆ ದಿನ ಎಣಿಸುವ ಕೆಲಸ. ಷೇರು ಹಣ ಹೂಡುವವರ ಸ್ವಂತ ವಿದೇಶಿ ಖಾತೆಯಿಂದ ಅಥವಾ ಅವರದೇ ಎನ್‌ಆರ್‌ಇ ಖಾತೆಯಿಂದ ಕಂಪನಿ ಖಾತೆಗೆ ನೇರ ಬರಬೇಕು, ಉದ್ದೇಶದ ಜಾಗದಲ್ಲಿ ಷೇರು ಬಂಡವಾಳ ಎಂದು ಇರಬೇಕು. ಹಣ ಬಂದ 60 ದಿನದೊಳಗೆ ಷೇರು ಹಂಚಬೇಕು. ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿನ ಫರ್ಮ್ಸ್ ಪೋರ್ಟಲ್‌ನಲ್ಲಿ ಎಫ್‌ಸಿ-ಜಿಪಿಆರ್ (ಷೇರು ಹಂಚಿದ ವರದಿ) ಸಲ್ಲಿಸಬೇಕು. ಕಂಪನಿ ಹುಟ್ಟಿದ 180 ದಿನದೊಳಗೆ ಐಎನ್‌ಸಿ-20ಎ (ವ್ಯವಹಾರ ಆರಂಭದ ಘೋಷಣೆ) ಹಾಕದೆ ವ್ಯವಹಾರ ಶುರುಮಾಡುವಂತಿಲ್ಲ. ಮುಂದೆ ಪ್ರತಿ ವರ್ಷ ಜುಲೈ 15ರೊಳಗೆ ಎಫ್‌ಎಲ್‌ಎ (ವಿದೇಶಿ ಆಸ್ತಿ-ಹೊಣೆಗಳ) ರಿಟರ್ನ್. ತಡವಾದರೆ ದಂಡ ಕಟ್ಟಿ ಸರಿಪಡಿಸಿಕೊಳ್ಳಬಹುದು, ಬಿಟ್ಟೇಬಿಟ್ಟರೆ ಷೇರು ಮಾರುವ ದಿನ ಎಲ್ಲವೂ ಒಟ್ಟಿಗೆ ಎದುರು ನಿಲ್ಲುತ್ತವೆ. ಊರಿನ ಆಡಿಟರ್ ಜಿಎಸ್‌ಟಿಯಲ್ಲಿ ಪಳಗಿದವರಿರಬಹುದು. ಎಫ್‌ಸಿ-ಜಿಪಿಆರ್ ಎಷ್ಟು ಹಾಕಿದ್ದೀರಿ ಎಂದು ಮೊದಲೇ ಕೇಳಿ. ಬ್ಯಾಂಕಿನಲ್ಲೂ ಅಷ್ಟೆ, ವಿದೇಶಿ ವಿನಿಮಯ ನೋಡಿಕೊಳ್ಳುವ ಶಾಖೆ ಯಾವುದೆಂದು ತಿಳಿದುಕೊಂಡೇ ಖಾತೆ ತೆರೆಯಿರಿ.

ಚಿಕ್ಕಮಗಳೂರೋ ಹಾಸನವೋ

ಪ್ರವಾಸಿಗರ ಕೈಗೆ ಪುಡಿ ಮಾರಬೇಕೆಂದರೆ ಚಿಕ್ಕಮಗಳೂರು. ಮುಳ್ಳಯ್ಯನಗಿರಿಗೆ ಹೋಗಿಬಂದ ಕಾರು ಊರು ದಾಟುವ ಮೊದಲು ಒಂದು ಕಡೆ ನಿಲ್ಲಲೇಬೇಕು. ಹೋಟೆಲು, ಕ್ಯಾಂಟೀನು, ಬೆಂಗಳೂರಿನ ಸಗಟು ವ್ಯಾಪಾರ ನೆಚ್ಚಿಕೊಂಡಿದ್ದರೆ ಹಾಸನ ಮೇಲು: ರೈಲು ಜಂಕ್ಷನ್ ಇದೆ, ರಾಷ್ಟ್ರೀಯ ಹೆದ್ದಾರಿ 75 ಇದೆ, ಕ್ಯೂರಿಂಗ್ ವರ್ಕ್ಸ್‌ಗಳಿವೆ (ಒಣಗಿದ ಕಾಫಿಯ ಸಿಪ್ಪೆ ತೆಗೆದು ದರ್ಜೆ ಮಾಡುವ ಕಾರ್ಖಾನೆಗಳು). ವಿದ್ಯುತ್ತಿಗೆ ಚಿಕ್ಕಮಗಳೂರಿನಲ್ಲಿ ಮೆಸ್ಕಾಂ, ಹಾಸನದಲ್ಲಿ ಸೆಸ್ಕ್.

ಜಾಗ ಬಾಡಿಗೆಗೇ ಹಿಡಿಯಿರಿ. ಇ-ಖಾತಾ, ಋಣಭಾರ ಪ್ರಮಾಣಪತ್ರ, ಊರ ಹೊರಗಾದರೆ ಭೂ ಪರಿವರ್ತನೆ ಆದೇಶ, ಈ ಮೂರು ಕಣ್ಣಾರೆ ನೋಡಿ. ಪಹಣಿಯಲ್ಲಿ ಇನ್ನೂ ಕಾಫಿ ತೋಟ ಎಂದಿರುವ ಜಾಗದ ಶೆಡ್ಡಿಗೆ ಪರವಾನಗಿ ಸಿಗುವುದು ಕಷ್ಟ. ಮಲೆನಾಡಿನಲ್ಲಿ ಸೆಕ್ಷನ್ 4 ನೋಟಿಸು, ಸಿ ಅಂಡ್ ಡಿ ಜಾಗ (ಎರಡೂ ಅರಣ್ಯ ಇಲಾಖೆಯ ತಕರಾರಿನ ಜಾಗಗಳು) ಎಂಬ ಮಾತು ಕಿವಿಗೆ ಬಿದ್ದರೆ ಅಲ್ಲಿಂದ ಎದ್ದುಬಿಡಿ. 11 ತಿಂಗಳು ಮೀರಿದ ಕರಾರು ನೋಂದಣಿಯಾಗಲಿ. ಹುರಿಯುವ ಯಂತ್ರ ನಾಲ್ಕಾರು ಬಾರಿ ಎತ್ತಿ ಇಳಿಸುವ ವಸ್ತುವಲ್ಲ, ಕನಿಷ್ಠ ಐದು ವರ್ಷಕ್ಕೆ ಕೇಳಿ. ಹೊಗೆ ಕೊಳವೆ ಪಕ್ಕದ ಮನೆಯ ಕಿಟಕಿಯ ಎದುರು ತೆರೆದುಕೊಂಡರೆ ಮೊದಲ ತಿಂಗಳೇ ದೂರು ಗ್ಯಾರಂಟಿ. ಹುರಿದ ಕಾಫಿಯ ಘಮ ಎಲ್ಲರಿಗೂ ಇಷ್ಟ, ಹುರಿಯುವ ಹೊಗೆ ಯಾರಿಗೂ ಇಷ್ಟವಿಲ್ಲ.

ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಪರವಾನಗಿ, ಜಿಎಸ್‌ಟಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಯಾವ ವರ್ಗಕ್ಕೆ ಬರುತ್ತದೆ ಎಂಬ ವಿಚಾರಣೆ, ಇವೆಲ್ಲ ಒಟ್ಟಿಗೆ ನಡೆಯಲಿ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಒಂದು ಬೆಳಗ್ಗೆ ಕೂತರೆ ಪಟ್ಟಿ ಸಿಗುತ್ತದೆ. ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂಬುದು 2024ರ ತಿದ್ದುಪಡಿಯಿಂದ ಕಡ್ಡಾಯ, ಬೋರ್ಡು ಬರೆಸುವ ಮೊದಲೇ ಪೇಂಟರ್‌ಗೆ ಹೇಳಿ.

ಬೀಜ ಕೊಳ್ಳುವುದು

ಅರೇಬಿಕಾ ಕೊಯ್ಲು ನವೆಂಬರ್, ಡಿಸೆಂಬರಿನಿಂದ, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಆದ್ದರಿಂದ ಕಾಗದದ ಕೆಲಸ ಮಳೆಗಾಲದಲ್ಲಿ ಮುಗಿಯಬೇಕು. ಡಿಸೆಂಬರಿನಲ್ಲಿ ಕಂಪನಿ ಖಾತೆಯಲ್ಲಿ ಹಣವಿಲ್ಲದಿದ್ದರೆ ಒಳ್ಳೆಯ ಬೀಜ ಬೇರೆಯವರ ಗೋದಾಮು ಸೇರಿರುತ್ತದೆ.

ಮೊದಲ ವರ್ಷ ಕ್ಯೂರಿಂಗ್ ಆಗಿ ದರ್ಜೆ ಮಾಡಿದ ಶುದ್ಧ ಬೀಜವನ್ನೇ ಕೊಳ್ಳಿ: ಅರೇಬಿಕಾದಲ್ಲಿ ಪ್ಲಾಂಟೇಶನ್ ಎ ಮತ್ತು ಪೀಬೆರಿ (ಹಣ್ಣಿಗೆ ಒಂದೇ ದುಂಡು ಬೀಜ), ರೊಬಸ್ಟಾದಲ್ಲಿ ಚೆರಿ ಎಬಿ. ಎರಡನೇ ವರ್ಷದಿಂದ ಬೆಳೆಗಾರರ ಕಣದಲ್ಲೇ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಳಸಿಪ್ಪೆಯೊಡನೆ ಒಣಗಿಸಿದ ಬೀಜ) ಹಿಡಿದು ಕ್ಯೂರಿಂಗನ್ನು ಕೂಲಿಗೆ ಮಾಡಿಸಬಹುದು. ಕ್ಯೂರಿಂಗ್ ನಡೆಸಲು ಕಾಫಿ ಮಂಡಳಿಯ ಪರವಾನಗಿ ಬೇಕಾದ್ದರಿಂದ ಸ್ವಂತ ಹಲ್ಲರ್ (ಸಿಪ್ಪೆ ಬಿಡಿಸುವ ಯಂತ್ರ) ಆಸೆ ಸದ್ಯಕ್ಕೆ ಬಿಡಿ.

ಇಲ್ಲಿನ ದರ 50 ಕಿಲೋ ಚೀಲದ ಲೆಕ್ಕ. ಹೊರದೇಶದಲ್ಲಿ ಪೌಂಡು, ಟನ್ನು ನೋಡಿ ರೂಢಿಯಾದವರು ಎಡವುವುದು ಇಲ್ಲೇ, ಏಕೆಂದರೆ ಚೀಲದೊಳಗೆ ಇರುವುದು ಸಿಪ್ಪೆ ಸಮೇತ. 50 ಕಿಲೋ ಅರೇಬಿಕಾ ಪಾರ್ಚ್‌ಮೆಂಟಿನಿಂದ ಹೆಚ್ಚುಕಡಿಮೆ 40 ಕಿಲೋ ಬೀಜ. ಚೆರಿಯಲ್ಲಿ (ಹಣ್ಣನ್ನು ಹಾಗೆಯೇ ಒಣಗಿಸಿದ್ದು) ಸುಮಾರು ಅರ್ಧ. ಚೀಲಕ್ಕೆ ಎಷ್ಟು ಕಿಲೋ ಬೀಜ ಬರುತ್ತದೆ ಎಂಬುದೇ ಔಟ್‌ಟರ್ನ್, ಮಾತಿನಲ್ಲಿ 'ಓಟಿ'. ರೊಬಸ್ಟಾ ಚೆರಿಯ ಚೌಕಾಸಿ ನಡೆಯುವುದೇ ಇದರ ಮೇಲೆ. ಪರೀಕ್ಷೆ ಸುಲಭ: ಚೀಲದ ಮೇಲೆ, ನಡು, ಬುಡದಿಂದ ಬೆರೆಸಿ 100 ಗ್ರಾಂ ಚೆರಿ ತೂಗಿ, ಸಿಪ್ಪೆ ಬಿಡಿಸಿ ಬೀಜ ತೂಗಿ. 54 ಗ್ರಾಂ ಬಂದರೆ 27 ಓಟಿ. ಅದರಲ್ಲೇ ಕಪ್ಪು ಬೀಜ, ಚೂರು (ಬಿಬಿಬಿ ಎಂದು ಬೇರೆ ಹಾಕುವುದು) ಎಷ್ಟಿದೆ ಎಂದೂ ಎಣಿಸಿ.

ತೇವಾಂಶ ಮೀಟರ್ ನಿಮ್ಮದೇ ಇರಲಿ. ಬೀಜದ ತೇವಾಂಶ ಶೇ. 10ರಿಂದ 12ರ ನಡುವೆ ಇದ್ದರೆ ಸರಿ. ಮೇಲಿದ್ದರೆ ನೀರಿಗೆ ದುಡ್ಡು ಕೊಟ್ಟಂತೆ, ಮಳೆಗಾಲಕ್ಕೆ ಬೂಷ್ಟು ಖಾತ್ರಿ. ಡಿಸೆಂಬರ್, ಜನವರಿಯಲ್ಲಿ ಅಕಾಲ ಮಳೆ ಬಿದ್ದ ವರ್ಷ ಕಣದಲ್ಲಿದ್ದ ಕಾಫಿ ನೆನೆದು ಮುಗ್ಗುಲಾಗಿರುತ್ತದೆ. ಅದು ಮೂಗಿಗೆ ತಕ್ಷಣ ಹೊಳೆಯದು, ಕಪ್ಪಿನಲ್ಲಿ ಹೊಳೆಯುತ್ತದೆ. ಅದಕ್ಕೇ 100 ಗ್ರಾಂ ಹುರಿದು, 8.25 ಗ್ರಾಂ ತರಿ ಪುಡಿಗೆ 93 ಡಿಗ್ರಿಯ 150 ಮಿಲಿ ನೀರು ಹಾಕಿ, ನಾಲ್ಕು ನಿಮಿಷ ಬಿಟ್ಟು ಕದಡಿ ಕುಡಿದು ನೋಡದೆ ಲಾಟು ಒಪ್ಪಬೇಡಿ.

ದರ ನ್ಯೂಯಾರ್ಕಿನ ಅರೇಬಿಕಾ, ಲಂಡನ್ನಿನ ರೊಬಸ್ಟಾ ಪೇಟೆಯ ಜೊತೆ ದಿನವೂ ಅಲುಗಾಡುತ್ತದೆ. ಬೆಳಗ್ಗೆ ಒಪ್ಪಿದ ದರಕ್ಕೆ ಸಂಜೆಯೊಳಗೆ ಬ್ಯಾಂಕಿನಲ್ಲಿ ಹಣ ಹಾಕುವವನಿಗೆ ಮುಂದಿನ ವರ್ಷವೂ ಬೀಜ ಸಿಗುತ್ತದೆ. ಗಿಡದ ಮೇಲಿನ ಬೆಳೆಗೆ ಮುಂಗಡ ಕೊಡುವ ರೂಢಿ ಊರಲ್ಲಿದೆ, ಹೊಸಬರಿಗೆ ಅದು ಬೇಡ. ಇನ್ನೊಂದು ಸಣ್ಣ ಮಾತು: ಹೊರದೇಶದ ಆಫೀಸಿನ ಅಭ್ಯಾಸದಲ್ಲಿ ಎಪ್ಪತ್ತರ ಬೆಳೆಗಾರರನ್ನು ಹೆಸರು ಹಿಡಿದು ಕರೆಯಬೇಡಿ. 'ಗೌಡ್ರೇ' ಎನ್ನುವ ಕಡೆ ಗೌಡ್ರೇ, ಗೊತ್ತಿಲ್ಲದಿದ್ದರೆ 'ಸಾರ್'. ಕಾಫಿ ಕೊಟ್ಟರೆ ಕುಡಿದು, ಮಳೆ ಎಷ್ಟಾಯಿತು ಎಂದು ಕೇಳಿ, ಆಮೇಲೆ ದರದ ಮಾತು.

ಹುರಿಯುವುದು

5 ಕಿಲೋ ಡ್ರಮ್ಮಿಗೆ 4 ಕಿಲೋ ಹಾಕಿ. ತುಂಬಿಸಿದರೆ ಬಿಸಿಗಾಳಿ ಆಡದೆ ಹೊರಗೆ ಸುಟ್ಟು ಒಳಗೆ ಹಸಿ ಉಳಿಯುತ್ತದೆ. ಒಂದು ಸುತ್ತಿಗೆ 12ರಿಂದ 15 ನಿಮಿಷ. ಗಂಟೆಗೆ ನಾಲ್ಕು ಸುತ್ತು, ದಿನಕ್ಕೆ ಐದು ಗಂಟೆ ಎಂದರೆ 80 ಕಿಲೋ ಹಸಿ ಬೀಜ. ಹುರಿದಾಗ ಶೇ. 15ರಿಂದ 18 ತೂಕ ಹೋಗುತ್ತದೆ, ಕಪ್ಪಗೆ ಹುರಿದರೆ 20. ಶೇ. 16 ಹಿಡಿದರೂ ಕೈಗೆ ಬರುವುದು 67 ಕಿಲೋ. ಕಿಲೋಗೆ 100 ರೂಪಾಯಿಯ ಬೀಜ ಎಂದುಕೊಂಡರೆ ಹುರಿದದ್ದರ ಅಸಲೇ 119 ಆಯಿತು. ಗ್ಯಾಸು, ಕೂಲಿ, ಪೊಟ್ಟಣ ಆಮೇಲೆ. ಈ 19 ರೂಪಾಯಿ ಮರೆತು ದರ ಹಾಕಿದವರು ಹೆಚ್ಚು ಮಾರಿದಷ್ಟೂ ಕಳೆದುಕೊಳ್ಳುತ್ತಾರೆ. ತಿಂಗಳಿಗೆ 25 ದಿನ ಪೂರ್ತಿ ಓಡಿದರೆ ಎರಡು ಟನ್ ಹಸಿ ಬೀಜ ಬೇಕು. ಮೊದಲ ವರ್ಷ ಅದರ ಐದನೇ ಒಂದು ಭಾಗಕ್ಕೆ ಬಂಡವಾಳ ಜೋಡಿಸಿ.

ಅರೇಬಿಕಾ, ರೊಬಸ್ಟಾ ಒಟ್ಟಿಗೆ ಹುರಿಯಬೇಡಿ. ಗಾತ್ರ ಬೇರೆ, ಗಟ್ಟಿತನ ಬೇರೆ, ಒಂದು ಹದವಾಗುವಾಗ ಇನ್ನೊಂದು ಹದ ತಪ್ಪಿರುತ್ತದೆ. ಬೇರೆ ಬೇರೆ ಹುರಿದು ಆಮೇಲೆ ಬೆರೆಸಿ. ಕೂಲಿಂಗ್ ಟ್ರೇಗೆ ಬಿದ್ದ ಬೀಜ ನಾಲ್ಕು ನಿಮಿಷದಲ್ಲಿ ಕೈಗೆ ಹಿಡಿಯುವಷ್ಟು ತಣಿಯಬೇಕು, ಇಲ್ಲವಾದರೆ ತನ್ನ ಬಿಸಿಯಲ್ಲೇ ಇನ್ನಷ್ಟು ಹುರಿಯುತ್ತದೆ.

ಕರೆಂಟು ಹೋದಾಗಿನ ಅಪಾಯ ಹೊರದೇಶದಲ್ಲಿ ತರಬೇತಿ ಪಡೆದವರಿಗೆ ತಲೆಗೇ ಬಂದಿರುವುದಿಲ್ಲ. 200 ಡಿಗ್ರಿಯಲ್ಲಿ ಡ್ರಮ್ಮು ತಿರುಗುವುದು ನಿಂತರೆ ಬೀಜ ಅಡಿಹತ್ತಿ ಬೆಂಕಿ ಹಿಡಿಯಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಮಳೆಗೆ ಮರ ಬಿದ್ದು ಲೈನು ಕಡಿಯುವುದು ಮಲೆನಾಡಿನ ದಿನಚರಿ. ಡ್ರಮ್ ಮತ್ತು ಫ್ಯಾನಿನ ಮೋಟರಿಗೆ ಯುಪಿಎಸ್ ಮೊದಲ ದಿನದಿಂದಲೇ ಬೇಕು, ಜನರೇಟರ್ ಆಮೇಲೆ ಬಂದರೂ ನಡೆಯುತ್ತದೆ. ಬೆಂಕಿ ಹಿಡಿದರೆ ಗ್ಯಾಸ್ ಮುಚ್ಚಿ, ಡ್ರಮ್ಮು ತಿರುಗುತ್ತಲೇ ಇರಲಿ, ಬಾಗಿಲು ತೆರೆದು ಟ್ರೇಗೆ ಸುರಿಯಬೇಡಿ: ಗಾಳಿ ಸಿಕ್ಕ ತಕ್ಷಣ ಉರಿ ಏಳುತ್ತದೆ. ಹೊಟ್ಟು ಸೇರುವ ಸೈಕ್ಲೋನ್ ದಿನವೂ ಖಾಲಿಯಾಗಲಿ, ಹೊಗೆ ಕೊಳವೆ ವಾರಕ್ಕೊಮ್ಮೆ.

ಪುಡಿ, ಚಿಕೋರಿ, ಪೊಟ್ಟಣ

ತಿಳಿ ಹುರಿತದ ಕಪ್ಪು ಕಾಫಿ ಪ್ರವಾಸಿಗರಿಗೆ ಹೋಗುತ್ತದೆ. ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಬೇಕಾದದ್ದು ಹಾಲು ಸುರಿದರೂ ಬಣ್ಣ, ಕಹಿ ಉಳಿಯುವ ಗಟ್ಟಿ ಡಿಕಾಕ್ಷನ್. ಮಳೆಗಾಲದಲ್ಲಿ ಬಾಡಿಗೆ ಕಟ್ಟುವುದು ಎರಡನೆಯವನ ತಿಂಗಳ ಖಾತೆಯೇ. ಆದ್ದರಿಂದ ಚಿಕೋರಿಯನ್ನು (ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ) ಕಂಡು ಮೂಗು ಮುರಿಯಬೇಡಿ. ಕಾಫಿ-ಚಿಕೋರಿ 80:20, 70:30 ಮಿಶ್ರಣ ಇಟ್ಟುಕೊಳ್ಳಿ. ಕಾನೂನು ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವೂ ಪೊಟ್ಟಣದ ಮೇಲೆ ಎದ್ದು ಕಾಣಬೇಕು. ಚಿಕೋರಿ ತೇವ ಹೀರುವುದರಲ್ಲಿ ಬೆಲ್ಲದ ಅಣ್ಣ, ಜುಲೈನಲ್ಲಿ ಡಬ್ಬ ತೆರೆದಿಟ್ಟರೆ ಬೆಳಗಾಗುವುದರೊಳಗೆ ಕಲ್ಲು.

ಹುರಿದ ಬೀಜ ಅನಿಲ ಬಿಡುತ್ತಿರುತ್ತದೆ. ಒಂದು ದಿನವೂ ಬಿಡದೆ, ವಾಲ್ವ್ ಇಲ್ಲದ ಪೊಟ್ಟಣಕ್ಕೆ ತುಂಬಿದರೆ ಅಂಗಡಿಯ ಶೆಲ್ಫಿನಲ್ಲೇ ಉಬ್ಬಿ ಒಡೆಯುತ್ತದೆ. ಪೊಟ್ಟಣದ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ತಿಂಗಳು ವರ್ಷ, ಗ್ರಾಹಕರ ದೂರಿಗೆ ಫೋನ್ ಇರಲೇಬೇಕು. ಪ್ಯಾಕ್ ಮಾಡಲು ಶುರುಮಾಡಿದ 90 ದಿನದೊಳಗೆ ಕಾನೂನು ಮಾಪನ ಇಲಾಖೆಯಲ್ಲಿ ಪ್ಯಾಕರ್ ನೋಂದಣಿಗೆ ಅರ್ಜಿ ಹಾಕಿ. ಹುರಿಯದ ಬೀಜಕ್ಕೆ ಜಿಎಸ್‌ಟಿ ಇಲ್ಲ, ಹುರಿದದ್ದಕ್ಕೆ ಶೇ. 5.

'ಚಿಕ್ಕಮಗಳೂರು ಅರೇಬಿಕಾ', 'ಬಾಬಾಬುಡನ್‌ಗಿರಿ ಅರೇಬಿಕಾ' ಎಂಬ ಹೆಸರುಗಳಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂದಿದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸದೆ ಅದನ್ನು ಅಚ್ಚು ಹಾಕಿಸಬೇಡಿ. ಸಕಲೇಶಪುರದ ಬೀಜಕ್ಕಂತೂ ಆ ಹೆಸರು ಸಲ್ಲದು, ಅದು ಮಂಜರಾಬಾದ್ ಸೀಮೆಯದು, ಹಾಗೆಂದೇ ಹೇಳಿ ಮಾರಿ.

ನೀವು ಬಿಟ್ಟುಬಂದ ದೇಶಕ್ಕೇ ಕಳಿಸುವ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕೆ ಡಿಜಿಎಫ್‌ಟಿಯ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಐಇಸಿ (ಆಮದು-ರಫ್ತು ಸಂಕೇತ), ಕಾಫಿ ಮಂಡಳಿಯಲ್ಲಿ ರಫ್ತುದಾರ ನೋಂದಣಿ ಬೇಕು. ಯುರೋಪಾದರೆ ಪ್ರತಿ ಲಾಟಿಗೂ ತೋಟದ ನಿರ್ದೇಶಾಂಕ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗವಲ್ಲ ಎಂಬ ಆಧಾರ ಕೇಳುವ ನಿಯಮ ಬಂದಿದೆ. ಬೀಜ ಕೊಳ್ಳುವ ದಿನವೇ ಬೆಳೆಗಾರರಿಂದ ಸರ್ವೆ ನಂಬರು ಬರೆದಿಟ್ಟುಕೊಂಡರೆ ಮುಂದೆ ಹುಡುಕಾಟ ತಪ್ಪುತ್ತದೆ. ಆದರೆ ಇಪ್ಪತ್ತು ಅಡಿ ಕಂಟೇನರ್ ತುಂಬಲು 60 ಕಿಲೋದ 320 ಚೀಲ ಬೇಕು, ಅಂದರೆ 19 ಟನ್ನಿಗೂ ಹೆಚ್ಚು. 5 ಕಿಲೋ ಡ್ರಮ್ಮಿನವರಿಗೆ ಸದ್ಯಕ್ಕೆ ಕೊರಿಯರ್ ಪೊಟ್ಟಣವೇ ರಫ್ತು.

ಮೇ ತಿಂಗಳ ಕೊನೆಯ ವಾರ ಗೋದಾಮಿನ ಹೆಂಚು ನೋಡಿಸಿ. ಚೀಲಗಳನ್ನು ಗೋಡೆಯಿಂದ ಒಂದಡಿ, ನೆಲದಿಂದ ಮರದ ಹಲಗೆಯಷ್ಟು ಎತ್ತರದಲ್ಲಿಡಿ, ಒಳಗೆ ಗಾಳಿಯಾಡದ ಪ್ಲಾಸ್ಟಿಕ್ ಚೀಲ ಹಾಕಿ. ತೇವಾಂಶ ಮೀಟರಿನ ಅಂಕಿಯನ್ನು ಹದಿನೈದು ದಿನಕ್ಕೊಮ್ಮೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. 13 ದಾಟಿದ ಲಾಟನ್ನು ಮೊದಲು ಹುರಿದು ಖಾಲಿ ಮಾಡಿ, ಮುಗ್ಗುಲು ವಾಸನೆ ಬಂದದ್ದನ್ನು ಬೇರೆಯದರ ಜೊತೆ ಬೆರೆಸಬೇಡಿ.